ಮೋರಿಯರ ದಿಣ್ಣೆಯ ವಿಚಾರಣೆ

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ನಡೆದ ಅನ್ಯಾಯಗಳನ್ನು ಮಾತ್ರ ಹೆಸರಿಸುತ್ತೇನೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಮಾಡಿದವರು ನನಗೆ ಯೋಚಿಸುವುದನ್ನು ಕಲಿಸಿದ ಗುರುಗಳು. ಆದ್ದರಿಂದ ಅದನ್ನು ಹೇಳುವುದು ಸುಲಭವಲ್ಲ. ಹೇಳದೆ ಇರುವುದು ನನ್ನಿಂದ ಆಗಿಲ್ಲ.

ಮಾಂಬಳ್ಳಿಯ ಆಚೆ, ಬಿಳಿಗಿರಿರಂಗನ ಬೆಟ್ಟದ ಸಾಲು ಹತ್ತಿರವಾಗುವ ಕಡೆ, ಒಂದು ಊರಿದೆ. ಊರಿಗೂ ಹರಿಜನರ ಕೇರಿಗೂ ನಡುವೆ ಒಂದು ದಿಣ್ಣೆ. ಅದರ ನೆತ್ತಿಯ ಮೇಲೆ ಅರ್ಧ ಹೂತುಹೋದ ಗುಂಡುಕಲ್ಲುಗಳು ಮೂರು ವೃತ್ತಗಳಾಗಿ ನಿಂತಿದ್ದವು. ಊರಿನವರು ಅದನ್ನು ಮೋರಿಯರ ದಿಣ್ಣೆ ಎನ್ನುತ್ತಿದ್ದರು. ಹಿಂದೆ ಮೋರಿಯರೆಂಬ ಗುಜ್ಜಾರಿ, ಮೊಣಕಾಲೆತ್ತರದ ಜನರಿದ್ದರಂತೆ, ಬೆಂಕಿಮಳೆ ಸುರಿದು ಕಲ್ಲಿನ ಮನೆಗಳೊಳಗೇ ಸತ್ತರಂತೆ. ಕೇರಿಯವರು ಮಾತ್ರ ಅದನ್ನು ಹಿರೀಕರ ದಿಣ್ಣೆ ಎನ್ನುತ್ತಿದ್ದರು. ಅದರ ಇಳಿಜಾರಿನಲ್ಲಿ ಅವರು ತಮ್ಮ ಸತ್ತವರನ್ನು ಹೂಳುತ್ತ ಬಂದಿದ್ದರು. ಒಂದೊಂದು ಸಮಾಧಿಯ ತಲೆಯ ಕಡೆ ಒಂದೊಂದು ಕಲ್ಲು, ಯಾವ ಎರಡೂ ಒಂದೇ ಆಕಾರದವಲ್ಲ.

ಯಳಂದೂರು ಜಹಗೀರಾಗಿದ್ದಾಗಿನ ದಾಖಲೆಗಳಲ್ಲಿ ಈ ಜಾಗವನ್ನು ಸ್ಮಶಾನವೆಂದು ಯಾರೂ ಬರೆದಿರಲಿಲ್ಲ. ಜಹಗೀರು ಹೋಗಿ ಹೊಸ ಅಳತೆ ನಡೆದಾಗ ಅದು ಪಟೇಲರ ಹೊಲಕ್ಕೆ ಸೇರಿದ ಬೀಳು ಎಂದು ದಾಖಲಾಯಿತು. ಅಳತೆಯವರು ಕೇರಿಗೆ ಬರಲೇ ಇಲ್ಲ. ಇದು ಮೊದಲ ಅನ್ಯಾಯ. ಅರವತ್ತರ ದಶಕದ ಕೊನೆಯ ಹೊತ್ತಿಗೆ ಪಟೇಲಿಕೆ ಹೋಗಿದ್ದರೂ ಊರು ಅವರನ್ನು ಪಟೇಲರೆಂದೇ ಕರೆಯುತ್ತಿತ್ತು. ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಒಳ್ಳೆಯ ಧಾರಣೆಯಿದ್ದ ಕಾಲ ಅದು. ದಿಣ್ಣೆಯನ್ನು ಸಮ ಮಾಡಿ ಹಿಪ್ಪುನೇರಳೆ ಸೊಪ್ಪಿನ ತೋಟ ಹಾಕುವುದಾಗಿ ಪಟೇಲರು ಸಾರಿದರು.

ನಾನು ಆ ಭಾಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕ. ಮನುಷ್ಯಕುಲದ ವಿಕಾಸದ ಪಾಠವನ್ನು ಹಲವರು ಹಾರಿಸುತ್ತಿದ್ದರು, ನಾನು ಹಾರಿಸುತ್ತಿರಲಿಲ್ಲ. ಕೇರಿಯ ಮಕ್ಕಳಿಗೆ ಸಂಜೆ ಅಲ್ಲಿಗೇ ಹೋಗಿ ಪಾಠ ಹೇಳಿ, ಎಷ್ಟೋ ದಿನ ಅಲ್ಲೇ ಊಟ ಮಾಡುತ್ತಿದ್ದೆ. ಕೇರಿಯ ಯಜಮಾನರು ದಿಣ್ಣೆಯ ಸಂಗತಿಯನ್ನು ನನ್ನ ಮುಂದಿಟ್ಟ ದಿನ, ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅವರ ತಾಯಿ ನನ್ನನ್ನು ಬೇರೆಯದೇ ವಿಚಾರಕ್ಕೆ ಹಿಡಿದರು.

“ಮೇಷ್ಟ್ರಪ್ಪ, ನಿಮ್ ತಾತ ಕೋತಿ ಅಂತ ನಮ್ ಐಕ್ಳಿಗೆ ಯೋಳ್ಕೊಟ್ರಂತೆ?”

“ನನ್ನ ತಾತ ಒಬ್ಬನೇ ಅಲ್ಲಮ್ಮ. ಕೋತಿಗೂ ನಮಗೂ ಬಹಳ ಹಿಂದೆ ಒಂದೇ ಮೂಲ ಇತ್ತು ಅಂತ ಪಾಠ.”

“ನಮ್ಮುನ್ನ ಅದ್ರೊಳ್ಗೆ ಸೇರಿಸ್ಕಬ್ಯಾಡಿ. ನಾವು ಗುಡಾಣದಲ್ಲಿ ಹುಟ್ಟುದೋರು.”

ಯಜಮಾನರು ನಕ್ಕರು. “ನಮ್ಮವ್ವುನ್ ಕತೆ ಕೇಳುದ್ರೆ ನಿಮ್ ಪುಸ್ತಕ ಮುಚ್ಚಾಕ್ಬೇಕಾಯ್ತದೆ ಸಾ.”

ಮುದುಕಿ ಕಥೆ ಹೇಳಿದರು. ದೇವರು ಮೊದಲು ಒಂದು ದೊಡ್ಡ ಮಣ್ಣಿನ ಗುಡಾಣ ಮಾಡಿ ದಿಣ್ಣೆಯಲ್ಲಿ ಹೂತಿಟ್ಟ. ಮಳೆ ಬಿದ್ದು ಅದು ಬಿರುಕು ಬಿಟ್ಟಾಗ ಒಂದು ಗಂಡು, ಒಂದು ಹೆಣ್ಣು ಹೊರಗೆ ಬಂದರು. ಅದಕ್ಕೇ ಹೆಣದ ತಲೆಗೆ ಒಂದು ಬೋಗುಣಿಯನ್ನು ಬೋರಲು ಹಾಕಿ ಹೂಳುತ್ತಾರೆ. ಏಕೆ ಎಂದೆ.

“ವಾಪಸ್ ಗುಡಾಣಕ್ಕೆ ಓಯ್ತರಲ್ಲ, ಮುಚ್ಚಳ ಬ್ಯಾಡ್ವಾ?” ಎಂದು, ಇಷ್ಟೂ ತಿಳಿಯದ ಮೇಷ್ಟರನ್ನು ಕನಿಕರದಿಂದ ನೋಡಿದರು. ಆಮೇಲೆ ಕುಟ್ಟುವುದನ್ನು ನಿಲ್ಲಿಸಿ ಅಂದರು: “ನಿಮ್ ಲಕ್ಷ ವರ್ಸ ನಂಗ್ಯಾಕಪ್ಪ. ಒಂದು ಕೂಸ ಅಲ್ಲಿ ಮಡಗಿವ್ನಿ. ಅದ್ರು ಮಗ್ಗುಲ್ಗೆ ನನ್ನೂ ಮಡುಗ್ಬೇಕು. ಅಷ್ಟು ಮಾಡ್ಕೊಡಿ, ಕೋತಿ ಅಂದ್ರೂ ಒಪ್ಕತೀನಿ.”

ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಮೈಸೂರಿನಲ್ಲಿದ್ದ ಗುರುಗಳಿಗೆ ಬರೆದೆ. ಕಾಲೇಜಿನಲ್ಲಿ ನನಗೆ ಇತಿಹಾಸ ಕಲಿಸಿದವರು ಅವರು. “ಯಾರು ಹೇಳಿದರು ಎಂದು ನಂಬಬೇಡ, ಹೇಗೆ ಗೊತ್ತಾಯಿತು ಎಂದು ಕೇಳು” ಎಂಬುದು ಅವರ ಪಾಠವಾಗಿತ್ತು. ದಿಣ್ಣೆಯ ವೃತ್ತಗಳು ಹಳೆಯ ಕಾಲದ ಸಮಾಧಿಗಳೆಂದು ಅವರು ತೋರಿಸಿಕೊಟ್ಟರೆ ಸರ್ಕಾರ ಅದನ್ನು ರಕ್ಷಿಸುತ್ತದೆ, ಇಳಿಜಾರಿನ ಸ್ಮಶಾನವೂ ಉಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ. ಗುರುಗಳು ಸಂತೋಷದಿಂದ ಬಂದರು. ಆದರೆ ಬಿಡಾರ ಮಾಡಿದ್ದು ಪಟೇಲರ ಮನೆಯಲ್ಲಿ.

“ಇದು ಸರಿಯಲ್ಲ ಸಾರ್. ಕೇರಿಯವರು ಏನು ತಿಳಿದುಕೊಳ್ಳುತ್ತಾರೆ?”

“ಅಗೆಯುವುದಕ್ಕೆ ಒಪ್ಪಿಗೆ ಬೇಕಾದದ್ದು ಪಟೇಲರದ್ದಲ್ಲವೇನಯ್ಯಾ? ದಾಖಲೆಯಲ್ಲಿ ಅವರ ಹೆಸರಿದೆ. ಊಟ ಎಲ್ಲಿ ಮಾಡಿದರೇನು, ಮಣ್ಣು ಸುಳ್ಳು ಹೇಳುವುದಿಲ್ಲ.”

ಮಧ್ಯದ ವೃತ್ತವನ್ನು ಅವರು ಆರಿಸಿಕೊಂಡರು. ಗೂಟ ಹೊಡೆದು ದಾರ ಎಳೆದು ವೃತ್ತವನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಮಾತ್ರ ಅಗೆಯಿಸಿದರು. ನಡುವೆ ಅಡ್ಡಗೋಡೆಯಂತೆ ಮಣ್ಣನ್ನು ಕಡಿಯದೆ ಬಿಟ್ಟರು. ಯಾವ ಪದರ ಯಾವುದರ ಮೇಲಿದೆ ಎಂದು ಓದುವುದು ಆ ಗೋಡೆಯಲ್ಲಿ. ಗುದ್ದಲಿಯ ಕೆಲಸ ಮೇಲಿನ ಮಣ್ಣಿಗೆ ಮಾತ್ರ. ಕಲ್ಲುಚೂರಿನ ಪದರ ಸಿಕ್ಕ ಮೇಲೆ ಗಾರೆಯವರ ಕರಣೆ, ಆಮೇಲೆ ಬಣ್ಣ ಬಳಿಯುವ ಕುಂಚ. ತೆಗೆದ ಮಣ್ಣನ್ನೆಲ್ಲ ಕೇರಿಯ ಹೆಂಗಸರು ಜರಡಿ ಹಿಡಿದರು. ಮೊದಲಿಗೆ ಸಿಕ್ಕಿದ್ದು ತುಕ್ಕು ತಿಂದ ಕಬ್ಬಿಣದ ಚೂರುಗಳು, ಒಂದಿಷ್ಟು ಇದ್ದಿಲು. ನಡುವೆ ಮಳೆ ಬಂದು ಒಂದು ಬದಿ ಕುಸಿದು, ಆ ಕಡೆಯ ಪದರಗಳೆಲ್ಲ ಬೆರೆತುಹೋದವು. ಗುರುಗಳು ಮಗು ಕಳೆದುಕೊಂಡವರಂತೆ ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ನಾನು ನೋಡಿದ್ದೇನೆ. ಆ ಶ್ರದ್ಧೆ ಸುಳ್ಳಾಗಿರಲಿಲ್ಲ. ಅದು ಸುಳ್ಳಾಗಿದ್ದರೆ ಈ ಬರಹ ಬೇಕಿರಲಿಲ್ಲ.

ಉಳಿದ ಭಾಗದಲ್ಲಿ ಒಂದು ಚಪ್ಪಡಿ ಸಿಕ್ಕಿತು. ಅದನ್ನು ಸರಿಸಿದಾಗ ಕೆಳಗೆ ದೊಡ್ಡ ಗುಡಾಣ, ಒಳಗೆ ಮೂಳೆ. ಗುರುಗಳು ಹೊಟ್ಟೆಯ ಮೇಲೆ ಮಲಗಿ, ಮೂಳೆ ಪುಡಿಯಾಗದಂತೆ ತೆಳುವಾದ ಅಂಟನ್ನು ತೊಟ್ಟಿಕ್ಕುತ್ತ ಮಣ್ಣು ಬಿಡಿಸಿದರು. ತಲೆಬುರುಡೆಯ ಮೇಲೆ, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಒಂದು ಬೋಗುಣಿ ಬೋರಲಾಗಿ ಕುಳಿತಿತ್ತು.

ಜರಡಿಯ ಹೆಂಗಸರು ಗುಂಡಿಯ ಅಂಚಿಗೆ ಬಂದು ನಿಂತರು. ಯಜಮಾನರ ತಾಯಿ ಬಗ್ಗಿ ನೋಡಿ, “ಇದು ನಮ್ಮೋರ್ದೇ ಕೆಲ್ಸ” ಎಂದರು. ಎದುರುಮನೆಯವರ ಅಡುಗೆಯನ್ನು ವಾಸನೆಯಿಂದ ಗುರುತಿಸುವವರ ಹಾಗೆ, ಯಾವ ಆಶ್ಚರ್ಯವೂ ಇಲ್ಲದೆ. ಅವರ ರೂಢಿಯನ್ನು ನಾನು ಗುರುಗಳಿಗೆ ವಿವರಿಸಿದೆ. ಅವರು ಎದ್ದು ಕೂತು, ಮಣ್ಣಾದ ಕೈಯಿಂದ ನನ್ನ ಭುಜ ಹಿಡಿದರು.

“ಇದೊಂದು ಸಾಕಯ್ಯಾ. ಇದನ್ನು ಬರೆಯದೆ ಬಿಟ್ಟರೆ ನಾನು ಇತಿಹಾಸದವನೇ ಅಲ್ಲ.”

ಅದೇ ವಾರ ಪಟೇಲರ ಮನೆಗೆ ಹೆಳವ ಬಂದ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಊರೂರಿಗೆ ಬರುವ ಇವರು ತಮ್ಮ ಒಕ್ಕಲುಮನೆಗಳ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡವರು. ಅವನು ಪಟೇಲರ ಹೊಸ್ತಿಲ ಮುಂದೆ ಮೂಲಪುರುಷನಿಂದ ಶುರುಮಾಡಿದ. ಕಾವೇರಿಯ ಆಚೆಯಿಂದ ಜೋಡೆತ್ತು ಹೊಡೆದುಕೊಂಡು ಬಂದ ಹಿರಿಯ, ದಿಕ್ಕು ಕಾಣದೆ ನಿಂತಾಗ ದಿಣ್ಣೆಯ ಕಡೆ ಹೊಗೆ ಏಳುವುದನ್ನು ಕಂಡ. ಹೊಗೆಯ ಜಾಡು ಹಿಡಿದು ಹೋಗಿ, ಅಲ್ಲಿದ್ದವರಿಂದ ಕೆಂಡ ಇಸಿದುಕೊಂಡು ಬಂದು ತನ್ನ ಮೊದಲ ಒಲೆ ಹಚ್ಚಿದ. ಆಮೇಲೆ ಮಕ್ಕಳು, ಮೊಮ್ಮಕ್ಕಳು, ಪಾಲು, ಜಗಳ. ಹೊಗೆಯ ಮಾತು ಬಂದಾಗ ಗುರುಗಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಪಟೇಲರು ಹೆಳವನಿಗೆ ರಾಗಿ ಅಳೆಸಿ ಕೊಟ್ಟರು.

ಮೂಳೆ, ಮುದುಕಿಯ ಕಥೆ, ಹೆಳವನ ಪಾಠ: ಮೂರೂ ಬೇರೆಬೇರೆ ದಾರಿಯಿಂದ ಬಂದು, ಕೇರಿಯವರೇ ಇಲ್ಲಿ ಮೊದಲಿನವರು ಎಂದು ಒಂದೇ ಕಡೆ ಕೈ ತೋರಿಸುತ್ತಿದ್ದವು. ಗುಡಾಣದಿಂದ ಮನುಷ್ಯರು ಹುಟ್ಟಿದರೆಂದು ನಾನು ನಂಬಲಿಲ್ಲ. ಆದರೆ ಆ ನಂಬಿಕೆ ತನ್ನೊಳಗೆ ಒಂದು ಹೂಳುವ ಕ್ರಮವನ್ನು ಕೆಡದಂತೆ ಕಾಪಾಡಿಕೊಂಡು ಬಂದಿರಬಹುದೆಂದು ಮೊದಲ ಬಾರಿಗೆ ಅನ್ನಿಸಿತು. ಗುಡಾಣವನ್ನು ಹುಲ್ಲಿನಲ್ಲಿ ಸುತ್ತಿ ಮೈಸೂರಿನ ಲಾರಿಗೆ ಹತ್ತಿಸಿದೆವು. ಕೇರಿಯವರು ಲಾರಿಗೆ ಕೈಮುಗಿದರು.

ಯಜಮಾನರು ಸ್ಮಶಾನಕ್ಕಾಗಿ ಅರ್ಜಿ ಹಾಕಿದರು. ವಿಚಾರಣೆಗೆ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಗುರುಗಳ ವರದಿ ತಾಲ್ಲೂಕು ಕಚೇರಿಗೆ ಬಂತು. ಅದರ ಪ್ರತಿಯನ್ನು ನನಗೆ ತೋರಿಸಿದವರು ಪಟೇಲರೇ.

“ನಿಮ್ ಮೇಷ್ಟ್ರು ಬರ್ದಿರಾದು ಓದ್ನೋಡಿ. ನಾ ಯಾನೂ ಯೋಳ್ಕೊಟ್ಟಿಲ್ಲ, ಮಾದೇಸ್ವರ್ನಾಣೆ.”

ವರದಿಯಲ್ಲಿದ್ದದ್ದು ಇಷ್ಟು: ಕಲ್ಲುವೃತ್ತಗಳು ಎಂದೋ ಅಳಿದುಹೋದ ಜನಾಂಗವೊಂದರವು. ಈಗಿನ ನಿವಾಸಿಗಳಿಗೆ ಅವುಗಳೊಂದಿಗೆ ಸಂಬಂಧವಿಲ್ಲ. ಊರನ್ನು ಕಟ್ಟಿದವರು ಪಟೇಲರ ಮೂಲಪುರುಷರೆಂದು ಹೆಳವರ ಮೌಖಿಕ ಸಾಕ್ಷ್ಯದಿಂದ ತಿಳಿಯುತ್ತದೆ. ಕೇರಿಯವರು ಅನಂತರ ಕೆಲಸಕ್ಕಾಗಿ ಬಂದು ನೆಲೆಸಿರಬೇಕು. ಗುಡಾಣದಿಂದ ಹುಟ್ಟಿದೆವೆಂಬ ಮೂಢನಂಬಿಕೆ ಅವರಲ್ಲಿದೆ. ದೊರೆತ ವಸ್ತುಗಳಲ್ಲಿ ಬೋಗುಣಿ ಒಂದು. ಅದು ಎಲ್ಲಿತ್ತು, ಹೇಗಿತ್ತು ಎಂಬುದು ಇಲ್ಲ. ಹೊಗೆಯೂ ಇಲ್ಲ, ಕೆಂಡವೂ ಇಲ್ಲ.

ಕೊಳ್ಳೇಗಾಲಕ್ಕೆ ಹೋಗಿ ಮೈಸೂರಿನ ಬಸ್ಸು ಹಿಡಿದೆ. ಗುರುಗಳು ನನ್ನನ್ನು ಕೂರಿಸಿ ಕಾಫಿ ತರಿಸಿದರು.

“ಬೋಗುಣಿ ಬೋರಲಾಗಿತ್ತು, ಸಾರ್.”

“ಒಂದು ಬೋಗುಣಿಯಿಂದ ಅಷ್ಟು ಕಾಲದ ಸಂಬಂಧವನ್ನು ಸಾಧಿಸಲಾಗದು. ಓದಿದವರು ನಗುತ್ತಾರೆ.”

“ಸಾಧಿಸಬೇಡಿ. ಇತ್ತು ಎಂದಾದರೂ ಬರೆಯಬಹುದಿತ್ತು.”

ಅವರು ನನ್ನ ಕಾಫಿಯನ್ನು ನನ್ನ ಕಡೆ ಸರಿಸಿದರು.

“ಹೆಳವ ಹೇಳಿದ ಹೊಗೆ?”

“ಅದು ಹಾಡು ಕಣಯ್ಯಾ. ಹಾಡನ್ನು ಅಕ್ಷರಶಃ ತೆಗೆದುಕೊಳ್ಳಬಾರದು.”

“ಪಟೇಲರ ಹಿರಿಯರು ಊರು ಕಟ್ಟಿದ್ದೂ ಅದೇ ಹಾಡಿನಲ್ಲಿ ಇದೆ.”

ಅವರು ಲೋಟವನ್ನು ಮೇಜಿನ ಮೇಲೆ ಇಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟರು. “ಇನ್ನೂ ಎರಡು ವೃತ್ತ ಇವೆ. ಮುಂದಿನ ಬೇಸಿಗೆಗೆ ಅಗೆಯಬೇಕು. ಅವು ಮುಗಿಯುವ ತನಕ ನೇಗಿಲು ಹೂಡುವುದಿಲ್ಲ ಎಂದು ಪಟೇಲರು ಮಾತು ಕೊಟ್ಟಿದ್ದಾರೆ. ಅವರನ್ನು ಎದುರು ಹಾಕಿಕೊಂಡರೆ ಆ ಜ್ಞಾನವೆಲ್ಲ ಸೊಪ್ಪಿನ ಬೇರಿಗೆ ಹೋಗುತ್ತದೆ. ನಿನಗೆ ನಾಲ್ಕು ಸಮಾಧಿ ಕಾಣುತ್ತವೆ. ನನಗೆ ಮನುಷ್ಯಕುಲದ ಚರಿತ್ರೆ ಕಾಣುತ್ತದೆ.” ಆಮೇಲೆ, “ಸಕ್ಕರೆ ಸಾಕೇನಯ್ಯಾ?” ಎಂದು ಕೇಳಿದರು.

ವರದಿಯಲ್ಲಿ ಒಂದು ವಾಕ್ಯವೂ ಸುಳ್ಳಲ್ಲವೆಂದು ಯಾರಾದರೂ ವಾದಿಸಬಹುದು. ಬಿಟ್ಟದ್ದೇ ಸುಳ್ಳಾಗಿತ್ತು. ವಿಜ್ಞಾನದ ಸಂಯಮವನ್ನು ಅವರು ಕೇರಿಗೆ ಮಾತ್ರ ಅನ್ವಯಿಸಿದರು. ಪಟೇಲರಿಗೆ ಹಾಡೂ ಸಾಕ್ಷ್ಯವಾಯಿತು. ಇದನ್ನು ನಾನು ವಂಚನೆ ಎನ್ನುತ್ತೇನೆ. ಬೇರೆ ಮೆದುವಾದ ಪದ ಹುಡುಕಿದೆ, ಸಿಗಲಿಲ್ಲ.

ಆದರೂ ಒಂದು ಭರವಸೆ ಉಳಿದಿತ್ತು. ಸ್ಮಶಾನಕ್ಕೆ ಹಳೆಯ ಜನಾಂಗದ ನಂಟೇ ಬೇಕಿರಲಿಲ್ಲ. ಇಳಿಜಾರಿನ ಸಮಾಧಿಗಳೇ ಸಾಕು: ಪಾಚಿ ಹಿಡಿದ ತಲೆಗಲ್ಲುಗಳು, ಮಳೆಗೆ ಮಣ್ಣು ಕೊಚ್ಚಿಹೋಗಿ ಮೇಲೆ ಕಾಣುತ್ತಿದ್ದ ಒಡೆದ ಬೋಗುಣಿಗಳು. ಅಧಿಕಾರಿ ಕಣ್ಣಾರೆ ನೋಡಿದರೆ ಒಪ್ಪಲೇಬೇಕು. ಯಜಮಾನರಿಗೆ ಹಾಗೆಂದು ಧೈರ್ಯ ಹೇಳಿ, ಪರೀಕ್ಷೆಯ ಕೆಲಸಕ್ಕೆ ಕೊಳ್ಳೇಗಾಲಕ್ಕೆ ಹೋದೆ. ವಿಚಾರಣೆಯ ದಿನ ಬೆಳಿಗ್ಗೆ ಬಸ್ಸಿಳಿದು ನಡೆದು ಬರುವಾಗ ದೂರದಿಂದಲೇ ದಿಣ್ಣೆ ಬೆಳ್ಳಗೆ ಕಾಣಿಸಿತು.

ಕಲ್ಲುಗಳಿಗೆಲ್ಲ ಸುಣ್ಣ ಬಳಿದಿದ್ದರು. ತಲೆಗಲ್ಲುಗಳನ್ನು ಕಿತ್ತು ತಂದು ದಾರಿಯ ಎರಡೂ ಬದಿಗೆ ಸಾಲಾಗಿ ನೆಟ್ಟಿದ್ದರು. ಒಡೆದ ಬೋಗುಣಿಗಳನ್ನು ಬಾಚಿ ಹಳ್ಳಕ್ಕೆ ಎಸೆದಿದ್ದರು. ನೆಲಕ್ಕೆ ಸಗಣಿ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು. ಯಜಮಾನರು ಮಡಿಸಿಟ್ಟಿದ್ದ ಅಂಗಿ ತೊಟ್ಟು ಎದುರು ಬಂದರು.

“ಸಾಯೇಬ್ರು ನಮ್ ತಾವುಕ್ಕೆ ಬತ್ತಾವ್ರೆ ಅಂತ ಗಂಡು ಎಣ್ಣು ಎಲ್ಲಾ ಸೇರಿ ಚೊಕ್ಕ ಮಾಡುದ್ವು ಸಾ. ಎಂಗದೆ?”

ದೊಡ್ಡವರು ಬರುವಾಗ ಹಾಗೆ ಮಾಡಬೇಕೆಂದು ಅವರಿಗೆ ತಲೆಮಾರುಗಳಿಂದ ಕಲಿಸಿದ್ದರು. ಕೇರಿಯನ್ನು ಕೊಳಕು ಎಂದವರ ಮುಂದೆ ಚೊಕ್ಕಟವಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ನಾನು ಚೆನ್ನಾಗಿದೆ ಎಂದೆ.

ತಹಸೀಲ್ದಾರರು ಜೀಪಿನಿಂದ ಇಳಿದು ಸುತ್ತ ನೋಡಿ, “ಇದೆಲ್ಲ ಹೊಸದಾಗಿ ನೆಟ್ಟ ಹಾಗಿದೆಯಲ್ಲ?” ಎಂದರು.

“ಮೊನ್ನೆ ತಂಕ ಇಂಗಿರ್ನಿಲ್ಲ ಸಾಹೇಬ್ರೆ” ಎಂದರು ಪಟೇಲರು. ಅದು ನಿಜವೇ ಆಗಿತ್ತು.

ತಹಸೀಲ್ದಾರರು ಯಜಮಾನರ ತಾಯಿಯನ್ನು ಕರೆದು, ನಿಮ್ಮವರು ಎಲ್ಲೆಲ್ಲಿದ್ದಾರೆ ತೋರಿಸಿ ಎಂದರು. ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟರು. “ಇದು ನಮ್ಮತ್ತೆ. ಇತ್ಲಾಗೆ ನನ್ ಗಂಡ. ಅಲ್ಲಿಂದಿತ್ಲಾಗೆ ನನ್ ಕೂಸು, ಮೂಗಿನಂಗೆ ಒಂದು ಕಲ್ಲಿತ್ತು...” ಎನ್ನುತ್ತ ನಿಂತುಬಿಟ್ಟರು. ಎಲ್ಲ ಕಡೆ ಒಂದೇ ಸಮ ನೆಲ. ಹಿಂದಕ್ಕೆ ಬಂದರು, ಮತ್ತೆ ನಡೆದರು. ಆಮೇಲೆ ಮಗನ ಕಡೆ ತಿರುಗಿದರು.

“ಆ ಕಲ್ಲು ಎಲ್ಲಿಗ್ ಮಡುಗುದ್ಲಾ?”

ಯಜಮಾನರು ಬೆಳ್ಳನೆಯ ಸಾಲನ್ನು ನೋಡಿದರು. ಅವರಿಗೂ ಗೊತ್ತಿರಲಿಲ್ಲ.

ಕೊನೆಗೆ ತಹಸೀಲ್ದಾರರು ನನ್ನನ್ನು ಕೇಳಿದರು. “ನೀವು ವಿಜ್ಞಾನ ಓದಿದವರು. ಮೇಲೆ ಸಿಕ್ಕ ಮೂಳೆಗಳು ಇವರ ಪೂರ್ವಜರವು ಎಂದು ಹೇಳಬಲ್ಲಿರಾ?”

ಕೇರಿಯ ಕಣ್ಣುಗಳೆಲ್ಲ ನನ್ನ ಮೇಲಿದ್ದವು. “ಹೌದೆಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ ಸ್ವಾಮಿ. ಪಟೇಲರ ಹೊಲಕ್ಕೆ ಅವರ ಪೂರ್ವಜರ ಮೂಳೆ ತೋರಿಸಿ ಎಂದು ಯಾರೂ ಕೇಳಿಲ್ಲ” ಎಂದೆ. ಬೋಗುಣಿಯನ್ನೂ ಹೊಗೆಯನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ವರದಿಯಲ್ಲಿ ಅದಿಲ್ಲವಲ್ಲ” ಎಂದರು. ಬರೆದುಕೊಂಡದ್ದು ನನ್ನ ಮೊದಲ ವಾಕ್ಯದ ಮೊದಲ ಅರ್ಧವನ್ನು ಮಾತ್ರ.

ದಿಣ್ಣೆ ಪಟೇಲರದ್ದಾಯಿತು. ಕೇರಿಗೆ ಹಳ್ಳದ ದಂಡೆಯಲ್ಲಿ ಬದಲಿ ಜಾಗ ತೋರಿಸಿದರು. ಮರುಬೇಸಿಗೆ ಗುರುಗಳು ಉಳಿದ ವೃತ್ತಗಳನ್ನು ಅಗೆದುಕೊಂಡು ಹೋದರು. ಜರಡಿ ಹಿಡಿಯಲು ಕೇರಿಯಿಂದ ಯಾರೂ ಹೋಗಲಿಲ್ಲ. ಆಮೇಲೆ ಪಟೇಲರು ಅಲ್ಲಿ ಹಿಪ್ಪುನೇರಳೆ ನೆಡಿಸಿದರು. ನಾನು ಪತ್ರಿಕೆಗಳಿಗೆ ಬರೆದದ್ದು ಅಚ್ಚಾಗಲಿಲ್ಲ. ಕೋಣೆ ಬಾಡಿಗೆಗೆ ಕೊಟ್ಟಿದ್ದವರು ಕೇರಿಯಲ್ಲಿ ಉಣ್ಣುವವನಿಗೆ ಜಾಗವಿಲ್ಲವೆಂದರು. ನನಗೆ ಹನೂರಿಗೆ ವರ್ಗವಾಯಿತು. ಇವನ್ನೂ ಅನ್ಯಾಯಗಳೆಂದೇ ಹೆಸರಿಸುತ್ತೇನೆ, ಆದರೆ ಇವು ಸಣ್ಣವು.

ಯಜಮಾನರ ತಾಯಿ ತೀರಿಕೊಂಡ ಸುದ್ದಿ ಹನೂರಿಗೆ ಬಸ್ಸಿನ ಕಂಡಕ್ಟರರ ಬಾಯಲ್ಲಿ ಬಂತು. ನಾನು ತಲುಪುವ ಹೊತ್ತಿಗೆ ಹೆಣ ಹಳ್ಳದ ದಂಡೆಯಲ್ಲಿತ್ತು. ಮಂಡಿಯುದ್ದ ಅಗೆಯುವಷ್ಟರಲ್ಲಿ ಹಾಸುಬಂಡೆ ಸಿಕ್ಕಿತ್ತು. ಪಕ್ಕದಲ್ಲಿ ಅಗೆದರು, ಅಲ್ಲೂ ಬಂಡೆ. ಸರ್ಕಾರ ಸತ್ತವರಿಗೆಂದು ಕೊಟ್ಟದ್ದು ಮಣ್ಣಿಲ್ಲದ ನೆಲ. ಹಾರೆ ಹಿಡಿದವರು ಹಾರೆ ಕೆಳಗಿಟ್ಟರು. ಯಾರೂ ದಿಣ್ಣೆಯ ಕಡೆ ಕೈ ತೋರಿಸಲಿಲ್ಲ, ಎಲ್ಲರೂ ಅತ್ತಲೇ ನೋಡುತ್ತಿದ್ದರು.

“ಅಲ್ಲಿಗೋದ್ರೆ ಕೇಸಾಕ್ತರೆ ಸಾ” ಎಂದರು ಯಜಮಾನರು. “ಐಕ್ಳು ಜೈಲ್ಗೋದ್ರೆ ಇವರೆಂಡ್ರುಮಕ್ಳ ಯಾರು ಸಾಕರು?”

ಅಲ್ಲಿಯವರೆಗೆ ನಾನು ಅರ್ಜಿ, ಸಾಕ್ಷ್ಯ, ವಾದಗಳನ್ನು ನಂಬಿದ್ದವನು. ನನ್ನ ನೌಕರಿ ಹೋಗಬಹುದೆಂಬುದು ನನಗೆ ಗೊತ್ತಿತ್ತು.

“ಹಾಕಲಿ. ಮೊದಲನೆಯ ಹೆಸರು ನನ್ನದೇ ಕೊಡಿ. ನಾನೇ ಹೇಳಿ ಮಾಡಿಸಿದೆ ಅನ್ನಿ.”

“ಮೇಷ್ಟ್ರು ಜೈಲ್ಗೋದ್ರೆ ನಮ್ ಐಕ್ಳಿಗೆ ಪಾಟ?”

“ಹನೂರಿಗೆ ಕಳಿಸಿದಾಗಲೇ ನಿಂತುಹೋಯಿತಲ್ಲ.”

ಅವರು ಸ್ವಲ್ಪ ನಕ್ಕರು. ಆಮೇಲೆ, “ಎತ್ರುಲಾ” ಎಂದರು.

ಮಧ್ಯಾಹ್ನದ ಬಿಸಿಲಿನಲ್ಲಿ, ತಮಟೆ ಬಡಿದುಕೊಂಡು, ಊರೆಲ್ಲ ನೋಡುವಂತೆ ಸೊಪ್ಪಿನ ತೋಟದೊಳಗೆ ಹೋದೆವು. ಕೂಸಿನ ಜಾಗ ಎಲ್ಲಿತ್ತೆಂಬುದರ ಮೇಲೆ ಗಲಾಟೆಯಾಯಿತು. ಒಬ್ಬರು ಇಲ್ಲೇ ಕನ ಎಂದರು, ಇನ್ನೊಬ್ಬರು ಆ ಬದುವಿಗೆ ಇನ್ನೂ ಹತ್ರ ಎಂದರು. ಖಚಿತವಾಗಿ ಹೇಳಬಲ್ಲವರು ಚಟ್ಟದ ಮೇಲಿದ್ದರು. ಯಜಮಾನರು ಒಂದು ಕಡೆ ಕಾಲು ಊರಿ, “ಇಲ್ಲಿ” ಎಂದರು. ಗಿಡಗಳನ್ನು ಬೇರುಸಮೇತ ಎತ್ತಿಟ್ಟು, ಹೂತು, ಮತ್ತೆ ಸುತ್ತ ನೆಟ್ಟೆವು. ಎಲ್ಲರೊಂದಿಗೆ ನಾನೂ ಮಣ್ಣು ಹಾಕಿದೆ.

ಪಟೇಲರು ದೂರು ಕೊಟ್ಟರು. ಆ ವೇಳೆಗೆ ತಾಲ್ಲೂಕಿಗೆ ಹೊಸ ತಹಸೀಲ್ದಾರರು ಬಂದಿದ್ದರು, ಚಿಕ್ಕ ವಯಸ್ಸಿನವರು. ಸರ್ವೆಯವರನ್ನು ಕರೆದುಕೊಂಡು ತೋಟಕ್ಕೇ ಬಂದು ನನ್ನನ್ನು ನಿಲ್ಲಿಸಿ ಕೇಳಿದರು.

“ಇಲ್ಲಿ ಹೂತಿರುವುದು ಯಾರೆಂದು ನಿಮಗೆ ಖಚಿತವಾಗಿ ಗೊತ್ತೆ?”

“ಗೊತ್ತು.”

“ಹೇಗೆ?”

“ಯಜಮಾನರ ತಾಯಿ. ನನಗೆ ಊಟ ಹಾಕಿದವರು. ಮಣ್ಣು ಹಾಕಿದವರಲ್ಲಿ ನಾನೂ ಒಬ್ಬ.”

ಅವರು ಅದನ್ನು ಪೂರ್ತಿಯಾಗಿ ಬರೆದುಕೊಂಡರು. ಹೂತ ಹೆಣವನ್ನು ಎತ್ತಿಸುವ ಗೋಜಿಗೆ ಯಾರೂ ಹೋಗಲಿಲ್ಲ. ನನಗೆ ಕೆಲವು ಕಾಲ ಅಮಾನತು, ಯಜಮಾನರಿಗೆ ದಂಡ. ಸರ್ವೆಯವರು ಸರಪಣಿ ಹಿಡಿದು ಆ ಆರಡಿ ಜಾಗವನ್ನು ಅಳೆದು, ನಕ್ಷೆಯಲ್ಲಿ ಸಮಾಧಿ ಎಂದು ಗುರುತು ಹಾಕಿದರು. ಸುತ್ತ ಎಲ್ಲವೂ ಸೊಪ್ಪಿನ ತೋಟ. ಆ ನಕ್ಷೆಯನ್ನು ನಾನು ನೋಡಿದ್ದೇನೆ. ಅದರ ಪ್ರಕಾರ ದಿಣ್ಣೆಯಲ್ಲಿ ಇದುವರೆಗೆ ಹೂತಿರುವುದು ಒಬ್ಬರನ್ನು ಮಾತ್ರ.